ಬೆಚ್ಚೋದು ಬೇರೆ, ದಿಗಿಲು ಬೇರೆ: ಯಾರಿಗೆ ಯಾವ ಹಾರರ್ ಗೇಮ್ ಕೊಡ್ಬೇಕು ಅಂತ ನಾನು ಕಲ್ತಿದ್ದು

ಮೊದಲ್ನೇ ಸಲ ನನ್ನತ್ರ "ಒಳ್ಳೆ ಹಾರರ್ ಗೇಮ್ ಇದ್ರೆ ಹಾಕ್ಕೊಡ್ಲಾ" ಅಂತ ಕೇಳಿದ್ದು ನಮ್ಮ ಸೋದರತ್ತೆ ಮಗ, ಮಂಡ್ಯದಲ್ಲಿ, ಹಬ್ಬಕ್ಕೆ ಅಂತ ಎಲ್ರೂ ಊರಲ್ಲಿ ಸೇರಿದ್ದಾಗ. ನಾನು ಹಿಂದೆಮುಂದೆ ನೋಡ್ದೆ ಔಟ್‌ಲಾಸ್ಟ್ ಹಾಕ್ಕೊಟ್ಟೆ, ಯಾಕಂದ್ರೆ ಆಗ ನಂಗೆ ಅದೇ ತಲೇಲಿ ತುಂಬ್ಕೊಂಡಿತ್ತು. 2013ರ ಗೇಮು, ಒಬ್ಬ ಪತ್ರಕರ್ತ ರಾತ್ರಿ ಹೊತ್ತು ಬೆಟ್ಟದ ಮೇಲಿನ ಮಾನಸಿಕ ಆಸ್ಪತ್ರೆ ಒಳಗೆ ನುಗ್ತಾನೆ, ಕೈಲಿ ಇರೋದು ಒಂದು ವಿಡಿಯೋ ಕ್ಯಾಮೆರಾ ಅಷ್ಟೆ, ಕತ್ತಲಲ್ಲಿ ಕಾಣ್ಬೇಕಂದ್ರೆ ಅದರ ನೈಟ್ ವಿಷನ್ ಹಾಕ್ಬೇಕು, ಹಾಕಿದಷ್ಟು ಬ್ಯಾಟರಿ ಖಾಲಿ. ಹೊಡೆಯೋಕೆ ಒಂದು ಕೋಲೂ ಇಲ್ಲ. ಓಡ್ಬೇಕು, ಇಲ್ಲಾಂದ್ರೆ ಮಂಚದ ಕೆಳಗೆ ತೂರ್ಕೋಬೇಕು. ಶುರುವಲ್ಲೇ ಒಂದು ಬಾಗಿಲು ತೆಗೆದ ತಕ್ಷಣ ಹೆಣ ಒಂದು ಮುಖದ ಮುಂದೆ ನೇತಾಡ್ಕೊಂಡು ಬೀಳುತ್ತೆ. ಅವನು ಹೆಡ್‌ಫೋನ್ ಕಿತ್ತು ಹಾಸಿಗೆ ಮೇಲೆ ಎಸೆದು "ನಂಗ್ ಬ್ಯಾಡ ಕಣ್ಲಾ ಇದು" ಅಂತ ಎದ್ದೋದ. ಆಮೇಲೆ ಎರಡು ವರ್ಷ ಹಾರರ್ ಅನ್ನೋ ಮಾತು ಎತ್ತಲಿಲ್ಲ.

ತಪ್ಪು ಪೂರ್ತಿ ನಂದೇ. ಅವನು ಚಿಕ್ಕೋನಿದ್ದಾಗ್ಲಿಂದ ಪತ್ತೇದಾರಿ ಕಥೆ ಹುಚ್ಚ, ಲೈಬ್ರರಿಯಿಂದ ತಂದು ತಂದು ಓದ್ತಿದ್ದ, ಅವನಿಗೆ ಬೇಕಾಗಿದ್ದಿದ್ದು ಕತ್ತಲ ಒಳಗಿರೋ ಗುಟ್ಟು, ನಾನು ಕೊಟ್ಟಿದ್ದು ಬೆಚ್ಚಿ ಬೀಳ್ಸೋ ಗೇಮು. ಇವೆರಡೂ ಒಂದೇ ಅಂದ್ಕೊಂಡಿದ್ದೆ ನಾನು. ಅವತ್ತಿಂದ ಯಾರಾದ್ರೂ ಕೇಳಿದ್ರೆ ಮೊದಲು ಅವರನ್ನೇ ಕೇಳ್ತೀನಿ, ನಿಮಗೆ ಬೆಚ್ಚೋದು ಇಷ್ಟಾನಾ, ದಿಗಿಲು ಇಷ್ಟಾನಾ, ಇಲ್ಲ ಏನಾಯ್ತು ಅಂತ ಹುಡುಕೋದು ಇಷ್ಟಾನಾ.

ದಿಗಿಲು ಅಂದ್ರೆ ನಂಗೆ ನೆನಪಾಗೋದು ನಮ್ಮೂರ ಕಬ್ಬಿನ ಗದ್ದೆ. ನಾಲೇಲಿ ನೀರು ಬಿಟ್ಟಾಗ ರಾತ್ರಿ ಹೊತ್ತು ನೀರು ಕಟ್ಟೋಕೆ ಅಪ್ಪನ ಜೊತೆ ಟಾರ್ಚ್ ಹಿಡ್ಕೊಂಡು ಹೋಗ್ತಿದ್ದೆ, ಅಪ್ಪ ಆ ಬದಿಗೆ ಹೋಗಿ ಮಡೆ ತಿರುಗಿಸ್ತಿದ್ರೆ ಈ ಬದೀಲಿ ನಾನೊಬ್ನೇ, ಕಬ್ಬಿನ ತರಗು ಒಂದಕ್ಕೊಂದು ಉಜ್ಜಿ ಸರಸರ ಅನ್ನೋದು, ಗಾಳಿ ಅಂತ ಗೊತ್ತು, ಆದ್ರೂ ಕಾಲು ಏಳ್ತಿರ್ಲಿಲ್ಲ. ಅಲ್ಲಿ ಯಾವತ್ತೂ ಏನೂ ಹೊರಗೆ ಬರ್ಲಿಲ್ಲ, ಬಂದಿದ್ರೆ ಅಷ್ಟು ಹೆದರ್ತಿರ್ಲಿಲ್ವೇನೋ.

ಆ ದಿಗಿಲನ್ನ ನಂಗೆ ವಾಪಸ್ ಕೊಟ್ಟ ಗೇಮು ಆಮ್ನೀಸಿಯಾ: ದ ಡಾರ್ಕ್ ಡಿಸೆಂಟ್. 2010ರಲ್ಲಿ ಫ್ರಿಕ್ಷನಲ್ ಗೇಮ್ಸ್ ಅಂತ ಸ್ವೀಡನ್ನಿನ ಒಂದು ಚಿಕ್ಕ ಟೀಮ್ ಮಾಡಿದ್ದು. ಮೈಸೂರಲ್ಲಿ ಓದ್ತಿದ್ದಾಗ ಸರಸ್ವತಿಪುರಂನಲ್ಲಿ ರೂಮ್ ಮಾಡ್ಕೊಂಡಿದ್ವಿ, ನನ್ನ ಲ್ಯಾಪ್‌ಟಾಪಲ್ಲಿ 4 ಜಿಬಿ ರ್‍ಯಾಮು, ಗ್ರಾಫಿಕ್ಸ್ ಕಾರ್ಡ್ ಇಲ್ಲ, ಸೆಟ್ಟಿಂಗ್ಸ್ ಎಲ್ಲಾ ಕಮ್ಮಿ ಇಟ್ಕೊಂಡ್ರೆ ಓಡ್ತಿತ್ತು. ಕಥೆ 1839ರದ್ದು, ಡೇನಿಯಲ್ ಅನ್ನೋನು ಒಂದು ಹಳೇ ಕೋಟೆ ಒಳಗೆ ಎಚ್ಚರ ಆಗ್ತಾನೆ, ಹಿಂದಿನದು ಏನೂ ನೆನಪಿಲ್ಲ. ಕತ್ತಲಲ್ಲಿ ಜಾಸ್ತಿ ಹೊತ್ತು ನಿಂತ್ರೆ ಅವನ ಬುದ್ಧಿ ಕೆಡ್ತಾ ಹೋಗುತ್ತೆ, ಲಾಟೀನು ಹಚ್ಚಿದ್ರೆ ಎಣ್ಣೆ ಖರ್ಚಾಗುತ್ತೆ, ಬೆಳಕಲ್ಲಿ ನಿಂತ್ರೆ ಅಲ್ಲಿ ಓಡಾಡೋ ರಾಕ್ಷಸನಂಥ ಜೀವಿಗೆ ಕಾಣಿಸ್ತೀಯ, ಅದನ್ನ ದಿಟ್ಟಿಸಿ ನೋಡಿದ್ರೂ ಬುದ್ಧಿ ಕೆಡುತ್ತೆ. ಬಾಗಿಲು ತೆಗೆಯೋಕೆ ಒಂದು ಬಟನ್ ಒತ್ತಿದ್ರೆ ಆಗಲ್ಲ, ಮೌಸಲ್ಲಿ ಹಿಡ್ಕೊಂಡು ಎಳೀಬೇಕು, ಹಾಗಾಗಿ ಓಡೋ ಹೊತ್ತಲ್ಲಿ ನಿಜವಾಗ್ಲೂ ಕೈ ನಡುಗಿ ಬಾಗಿಲು ಉಲ್ಟಾ ತಳ್ಳಿ ಸಿಕ್ಕಾಕೋತೀವಿ. ನೀರು ತುಂಬಿರೋ ಒಂದು ಸುರಂಗ ಇದೆ, ಅಲ್ಲಿರೋ ಪ್ರಾಣಿ ಕಾಣೋದೇ ಇಲ್ಲ, ನೀರು ಚಪ್ ಚಪ್ ಅಂತ ಚಿಮ್ಮೋದು ಮಾತ್ರ ಕಾಣುತ್ತೆ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾರ್ಕೊಂಡು ಹೋಗ್ಬೇಕು. ಒಂದು ಪೆಟ್ಟಿಗೆ ಮೇಲೆ ನಾನು ನಿಂತಿದ್ದಾಗ ರೂಮಿನ ಕರೆಂಟು ಹೋಯ್ತು, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಉಳೀತು, ಫ್ಯಾನ್ ನಿಂತ್ಮೇಲೆ ಆ ನೀರಿನ ಸದ್ದೊಂದೇ ಕಿವೀಲಿ. ಹತ್ತು ನಿಮಿಷ ನಾನು ಆ ಪೆಟ್ಟಿಗೆ ಬಿಟ್ಟು ಇಳೀಲಿಲ್ಲ.

ಇನ್ನೊಂದು ವಿಷ್ಯ ನಂಗೆ ಬಹಳ ಹಿಡಿಸಿದ್ದು, ಒಗಟು ಬಿಡಿಸಿ ಕಥೇಲಿ ಮುಂದೆ ಹೋದ್ರೆ ಡೇನಿಯಲ್ ಬುದ್ಧಿ ಸರಿಹೋಗುತ್ತೆ. ಅಂದ್ರೆ ಹೆದರಿಕೆಗೆ ಮದ್ದು ಅಂತ ಅವರು ಇಟ್ಟಿರೋದು ಬಂದೂಕಲ್ಲ, ತಿಳ್ಕೊಳೋದು. ಗುಟ್ಟು ಹುಡುಕೋರ್ನ ಹಾರರ್ ಕಡೆ ಕರ್ಕೊಂಡು ಬರ್ಬೋದು ಅನ್ನೋ ಧೈರ್ಯ ನಂಗೆ ಬಂದಿದ್ದು ಅಲ್ಲಿಂದ.

ಅತ್ತೆ ಮಗನಿಗೆ ಎರಡು ವರ್ಷ ಆದ್ಮೇಲೆ ಹೇಳಿದ್ದು ರಿಟರ್ನ್ ಆಫ್ ದ ಓಬ್ರಾ ಡಿನ್, 2018ರದ್ದು, ಲೂಕಸ್ ಪೋಪ್ ಅನ್ನೋ ಒಬ್ರೇ ಕೂತು ಮಾಡಿರೋ ಗೇಮು. 1807, ಕಳೆದೋಗಿದ್ದ ಹಡಗು ವಾಪಸ್ ಬಂದಿದೆ, ಮೇಲೆ ಒಬ್ರೂ ಜೀವಂತ ಇಲ್ಲ, ನೀವು ಈಸ್ಟ್ ಇಂಡಿಯಾ ಕಂಪನಿ ಕಡೆಯಿಂದ ಇನ್ಶೂರೆನ್ಸ್ ಲೆಕ್ಕ ಬರೆಯೋಕೆ ಹೋಗಿರೋರು. 60 ಜನ, ಒಬ್ಬೊಬ್ರ ಹೆಸರೇನು, ಏನಾದ್ರು, ಸತ್ತಿದ್ರೆ ಹೇಗೆ ಸತ್ರು, ಯಾರು ಕೊಂದ್ರು, ಎಲ್ಲಾ ಬರೀಬೇಕು. ಒಂದು ಗಡಿಯಾರ ಇದೆ, ಹೆಣದ ಹತ್ರ ಹಿಡಿದ್ರೆ ಮೊದಲು ಕತ್ತಲಲ್ಲಿ ಬರೀ ಮಾತು, ಕಿರುಚಾಟ ಕೇಳುತ್ತೆ, ಆಮೇಲೆ ಸತ್ತ ಆ ಕ್ಷಣ ಕಲ್ಲಿನಂಗೆ ನಿಂತಿರುತ್ತೆ, ಅದರೊಳಗೆ ಓಡಾಡ್ಬೋದು. ಮಾತಾಡೋ ಧಾಟಿ, ಮಲಗೋ ಜೋಲಿ ಮೇಲಿನ ನಂಬರು, ಕಾಲಲ್ಲಿರೋ ಬೂಟು, ಹಿಂಗಿಂಗೆ ಗುರುತು ಹಿಡೀಬೇಕು. ಮೂರು ಜನರದ್ದು ಸರಿಯಾಗಿ ಬರೆದ್ರೆ ಮಾತ್ರ ಗೇಮು ಸರಿ ಅನ್ನುತ್ತೆ, ಹಾಗಾಗಿ ಸುಮ್ನೆ ಊಹೆ ಮೇಲೆ ಬರೆದು ಪಾರಾಗೋದು ಕಷ್ಟ. ಚಿತ್ರ ಪೂರ್ತಿ ಎರಡೇ ಬಣ್ಣ, ಹಳೇ ಕಂಪ್ಯೂಟರ್ ಥರ, ಸಾಧಾರಣ ಲ್ಯಾಪ್‌ಟಾಪಲ್ಲೂ ಓಡುತ್ತೆ. ನಮ್ಮ ಭಾರತದ ನಾವಿಕರೂ ಇದಾರೆ ಆ ಹಡಗಲ್ಲಿ. ಅವನು ಒಂದು ನೋಟ್‌ಬುಕ್ ಇಟ್ಕೊಂಡು ಬರ್ಕೊಂಡು ಬರ್ಕೊಂಡು ಒಂಬತ್ತು ದಿನದಲ್ಲಿ ಮುಗಿಸ್ದ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಆ ಬಾಣ್ಸಿಗನ ಕಥೆ ಏನ್ಲಾ, ನಂಗೆ ಗೊತ್ತಾಯ್ತಾ ಇಲ್ಲ, ಹೇಳ್ಬ್ಯಾಡ, ಒಂದು ಸುಳಿವು ಕೊಡು ಸಾಕು" ಅಂತಿದ್ದ.

ಅದಾದ್ಮೇಲೆ ಅವನನ್ನ ಮೆಲ್ಲಗೆ ಕರ್ಕೊಂಡು ಹೋದೆ. ದ ವ್ಯಾನಿಶಿಂಗ್ ಆಫ್ ಈಥನ್ ಕಾರ್ಟರ್, 2014, ಪೋಲೆಂಡಿನೋರು ಮಾಡಿದ್ದು, ಕಾಣೆಯಾದ ಹುಡುಗನ್ನ ಹುಡ್ಕೊಂಡು ಹೋಗೋ ಪತ್ತೇದಾರ, ನಿಜವಾದ ಕಲ್ಲು ಗೋಡೆ ಕಟ್ಟಡಗಳ ಫೋಟೋ ತೆಗೆದು ತೆಗೆದು ಕಟ್ಟಿರೋ ಊರು, ನೋಡೋಕೇ ಚೆಂದ, ಆದ್ರೆ ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕು. ಆಮೇಲೆ ಸೋಮಾ, 2015, ಆಮ್ನೀಸಿಯಾ ಮಾಡಿದೋರದ್ದೇ, ಸಮುದ್ರದ ತಳದಲ್ಲಿರೋ ಒಂದು ಸ್ಟೇಷನ್ನು. ಇದನ್ನ ನಾನು ಹೆದರೋರಿಗೆ ಧೈರ್ಯವಾಗಿ ಹೇಳ್ತೀನಿ, ಯಾಕಂದ್ರೆ 2017ರ ಡಿಸೆಂಬರ್‌ನಲ್ಲಿ ಸೇಫ್ ಮೋಡ್ ಅಂತ ಒಂದು ಸೇರ್ಸಿದ್ರು, ಅದ್ರಲ್ಲಿ ಆ ಜೀವಿಗಳು ಓಡಾಡ್ಕೊಂಡಿರ್ತವೆ, ಆದ್ರೆ ಕೊಲ್ಲಲ್ಲ. ಕಥೆ ಒಂದು ಚೂರೂ ಕಮ್ಮಿ ಆಗಲ್ಲ. ಮನುಷ್ಯ ಅಂದ್ರೆ ದೇಹಾನಾ ನೆನಪಾ ಅನ್ನೋ ಪ್ರಶ್ನೆ ಕೇಳುತ್ತೆ ಆ ಗೇಮು, ಮುಗಿಸಿದ್ಮೇಲೆ ಮೂರು ದಿನ ನಂಗೆ ಸರಿ ನಿದ್ದೆ ಬಂದಿಲ್ಲ, ದೆವ್ವಕ್ಕಲ್ಲ, ಆ ಕೊನೆಗೆ. ಏನಾಗುತ್ತೆ ಅಂತ ಇಲ್ಲಿ ಹೇಳಲ್ಲ, ಹೇಳಿದ್ರೆ ಅನ್ಯಾಯ.

ಏಲಿಯನ್ ಐಸೋಲೇಷನ್ (2014) ಆಡೋ ಹೊತ್ತಿಗೆ ನಾನೇ ಸುಮಾರು ಪಳಗಿದ್ದೆ ಅಂದ್ಕೊಂಡಿದ್ದೆ, ಅದು ನನ್ನ ಬೆವರಿಳಿಸ್ತು. ಅದ್ರಲ್ಲಿ ನಮ್ಮನ್ನ ಬೇಟೆಯಾಡೋ ಅನ್ಯಗ್ರಹದ ಪ್ರಾಣಿ ಒಂದೇ ದಾರೀಲಿ ಗಸ್ತು ತಿರುಗಲ್ಲ. ಅದನ್ನ ನಡೆಸೋ ಪ್ರೋಗ್ರಾಮಿನೊಳಗೆ ಎರಡು ಪದರ ಇದೆ, ಮೇಲಿನದಕ್ಕೆ ನೀವೆಲ್ಲಿದೀರ ಅಂತ ಯಾವಾಗ್ಲೂ ಗೊತ್ತು, ಅದು ಪ್ರಾಣಿಗೆ ಆ ಕಡೆ ಹೋಗು ಅಂತ ಸುಳಿವು ಮಾತ್ರ ಕೊಡುತ್ತೆ, ಪ್ರಾಣಿ ತನ್ನ ಕಣ್ಣು ಕಿವೀಲೇ ನಿಮ್ಮನ್ನ ಹುಡುಕ್ಬೇಕು. ಅದಕ್ಕೇ ಅದು ಪಕ್ಕದ ರೂಮಿಗೆ ಬರುತ್ತೆ ಆದ್ರೆ ಸಿಗುತ್ತೋ ಇಲ್ವೋ ಅನ್ನೋದು ನಿಮ್ಮ ಉಸಿರಿನ ಮೇಲೆ. ಸೇವ್ ಮಾಡೋಕೂ ಗೋಡೆ ಮೇಲಿನ ಯಂತ್ರಕ್ಕೆ ಕಾರ್ಡ್ ಹಾಕಿ ಮೂರು ದೀಪ ಹತ್ತೋವರ್ಗೂ ಕಾಯ್ಬೇಕು, ಅಷ್ಟರಲ್ಲಿ ಹಿಂದಿಂದ ಬಂದು ಮುಗಿಸ್ಬೋದು. ಆ ಮೂರು ದೀಪದಷ್ಟು ಉದ್ದದ ಹೊತ್ತು ನನ್ನ ಜೀವನದಲ್ಲಿ ಬೇರೆ ಕಮ್ಮಿ. ಇದನ್ನ ಹೊಸಬರಿಗೆ ಕೊಡ್ಬೇಡಿ, ಆಮ್ನೀಸಿಯಾ ಮುಗಿಸಿದೋರಿಗೆ ಕೊಡಿ.

ಬೆಚ್ಚೋದೇ ಬೇಕು ಅನ್ನೋರೂ ಇದಾರೆ, ಅದ್ರಲ್ಲಿ ತಪ್ಪೇನಿಲ್ಲ. ಅವರಿಗೆ ಔಟ್‌ಲಾಸ್ಟ್, ಇಲ್ಲಾಂದ್ರೆ 2017ರ ರೆಸಿಡೆಂಟ್ ಈವಿಲ್ 7. ಗುಂಪಾಗಿ ಆಡೋರಿಗೆ ಫ್ಯಾಸ್ಮೋಫೋಬಿಯಾ, ನಾಲ್ಕು ಜನ ಸೇರಿ ಮನೆಗೆ ಹೋಗಿ ಅಲ್ಲಿರೋದು ಯಾವ ಥರದ ದೆವ್ವ ಅಂತ ಕಂಡುಹಿಡಿಯೋದು. ಅದ್ರಲ್ಲಿ ದೆವ್ವ ಬೇಟೆಗೆ ಬಂದಾಗ ಹತ್ರ ಇರೋರು ಮೈಕಲ್ಲಿ ಮಾತಾಡಿದ್ರೆ ಅದಕ್ಕೆ ಕೇಳುತ್ತೆ. ನಮ್ಮ ಗೆಳೆಯ ಬೀರುವಿನೊಳಗೆ ಬಚ್ಚಿಟ್ಕೊಂಡು "ಬತ್ತಾ ಅದೆ ಬತ್ತಾ ಅದೆ" ಅಂತ ಪಿಸುಗುಟ್ಟಿ ಸತ್ತ, ಅವತ್ತಿಂದ ನಮ್ಮಲ್ಲಿ ರೂಲು, ಲೈಟು ಮಿಣಮಿಣ ಅಂದ್ರೆ ಎಲ್ರೂ ಬಾಯಿ ಮುಚ್ಕೋಬೇಕು.

ಆಡೋ ರೀತಿ ಬಗ್ಗೆ ನಾನು ಹಠ ಮಾಡೋದು ಎರಡೇ. ಒಂದು, ಹೆಡ್‌ಫೋನ್ ಇಲ್ದೆ ಆಡ್ಬೇಡಿ, ದುಬಾರಿದು ಬೇಡ, ನಂದು ಎಂಟುನೂರು ರೂಪಾಯಿದು. ಸೈಲೆಂಟ್ ಹಿಲ್ ಆಡೋವಾಗ ಇದು ಗೊತ್ತಾಗುತ್ತೆ, ರೇಡಿಯೋ ಗರಗರ ಅಂದ್ರೆ ಮಂಜಿನೊಳಗೆ ಏನೋ ಹತ್ರ ಇದೆ ಅಂತ ಅರ್ಥ, ಕಣ್ಣಿಗೆ ಕಾಣೋಕೆ ಮುಂಚೆ ಕಿವಿಗೆ ಗೊತ್ತಾಗುತ್ತೆ. ಆ ಮಂಜು ಕೂಡ 1999ರ ಮೊದಲ್ನೇ ಗೇಮಲ್ಲಿ ಬಂದಿದ್ದು ಆಗಿನ ಪ್ಲೇಸ್ಟೇಷನ್ನಿಗೆ ದೂರದ್ದೆಲ್ಲ ತೋರಿಸೋ ಶಕ್ತಿ ಇಲ್ಲ ಅಂತ, ಆ ಕೊರತೆಯನ್ನೇ ಅವರು ಹೆದರಿಕೆ ಮಾಡ್ಕೊಂಡ್ರು. ಸೈಲೆಂಟ್ ಹಿಲ್‌ನ ಎರಡ್ನೇ ಗೇಮು 2024ರಲ್ಲಿ ಹೊಸದಾಗಿ ಬಂದಿದೆ, ಆದ್ರೆ ನನ್ನ ಹಳೇ ಮಷಿನ್ನಲ್ಲಿ ಆಗಲ್ಲ, ಕುವೆಂಪುನಗರದ ಗೆಳೆಯನ ಮನೇಲಿ ಶನಿವಾರ ಶನಿವಾರ ಹೋಗಿ ಆಡಿದ್ದು. ಇನ್ನೊಂದು, ಬ್ರೈಟ್‌ನೆಸ್ ಏರಿಸ್ಬೇಡಿ. ಶುರುವಲ್ಲಿ ಗೇಮೇ ಈ ಚಿತ್ರ ಕಂಡೂಕಾಣದಂಗೆ ಇರೋವರ್ಗೂ ತಿರುಗಿಸಿ ಅನ್ನುತ್ತೆ, ಅಲ್ಲೇ ಬಿಡಿ. ದುಡ್ಡಿನ ವಿಷ್ಯಕ್ಕೆ ಬಂದ್ರೆ, ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ತಗೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಮ್ಮಿ ಇದ್ರೆ, ವಾಪಸ್ ಕೊಡ್ಬೋದು, ನಿಮಗೆ ಹಿಡಿಸುತ್ತಾ ಇಲ್ವಾ ಅಂತ ಹಾರರ್ ಗೇಮಲ್ಲಿ ಎರಡು ಗಂಟೇಲಿ ಖಂಡಿತ ಗೊತ್ತಾಗುತ್ತೆ.

ಮಕ್ಕಳ ಬಗ್ಗೆ ಒಂದು ಮಾತು ಹೇಳ್ಲೇಬೇಕು. ನಮ್ಮಕ್ಕನ ಮಗ ಏಳು ವರ್ಷದೋನು, ಮೊಬೈಲಲ್ಲಿ ಗ್ರ್ಯಾನಿ ಅನ್ನೋ ಹಾರರ್ ಗೇಮ್ ಆಡ್ಕೊಂಡು ಒಂದು ವಾರ ಒಬ್ನೇ ಬಚ್ಚಲಿಗೆ ಹೋಗ್ಲಿಲ್ಲ. ಅದನ್ನ ಹಾಕ್ಕೊಟ್ಟಿದ್ದು ಮನೇಲಿದ್ದ ದೊಡ್ಡೋರೇ. ನಂಗೆ ಅದು ತುಂಬಾ ಬೇಜಾರಾಯ್ತು, ಹೆದರಿಕೆ ಅನ್ನೋದು ನಾವಾಗೇ ಹುಡ್ಕೊಂಡು ಹೋದಾಗ ಮಾತ್ರ ಆಟ, ಅವನಿಗೆ ಅದು ಆಟ ಆಗಿರ್ಲಿಲ್ಲ. ಹದಿಮೂರು ಹದಿನಾಲ್ಕರ ಹುಡುಗರು ಕೇಳಿದ್ರೆ ಲಿಟಲ್ ನೈಟ್‌ಮೇರ್ಸ್ (2017) ಹೇಳ್ತೀನಿ, ಹಳದಿ ರೇನ್‌ಕೋಟ್ ಹಾಕಿರೋ ಪುಟ್ಟ ಹುಡುಗಿ, ದೊಡ್ಡ ದೊಡ್ಡ ಮೇಜು ಕುರ್ಚಿ ಕೆಳಗೆ ನುಸುಳ್ಕೊಂಡು ಹೋಗ್ತಾಳೆ, ಅದೂ ಪಕ್ಕದಲ್ಲಿ ಒಬ್ರು ಕೂತ್ಕೊಂಡು.

ಇವೆಲ್ಲಾ ಬಿಟ್ಟು ಯಾವ್ದೋ ಒಂದೇ ಹೇಳು ಅಂದ್ರೆ ನಾನು ಹೇಳೋದು ಡಿಟೆನ್ಷನ್. ತೈವಾನಿನ ರೆಡ್ ಕ್ಯಾಂಡಲ್ ಅನ್ನೋರು 2017ರಲ್ಲಿ ಮಾಡಿದ್ದು, 1960ರ ದಶಕ, ಮಿಲಿಟರಿ ಕಾನೂನಿನ ಕಾಲ, ಓದಬಾರದ ಪುಸ್ತಕ ಓದಿದ್ರೆ ಜೈಲು, ಮಳೆ ಬಂದು ಸ್ಕೂಲಲ್ಲಿ ಸಿಕ್ಕಾಕೊಂಡಿರೋ ಇಬ್ರು ಮಕ್ಕಳು. ಅವರ ಊರ ದೇವ್ರು, ಅವರ ಊರ ದೆವ್ವ, ಅವರ ಊರ ಪಾಪ. ಇದನ್ನ ಆಡ್ದಾಗೆಲ್ಲ ಅನ್ಸುತ್ತೆ, ಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ದ ಊರು ನಮ್ದು, ಅದನ್ನಿಟ್ಕೊಂಡು ಯಾರಾದ್ರೂ ಕನ್ನಡದಲ್ಲಿ ಇಂಥದ್ದೊಂದು ಮಾಡ್ಬೇಕು, ಮಾಡಿದ್ರೆ ಮೊದಲ್ನೇ ದಿನವೇ ದುಡ್ಡು ಕೊಟ್ಟು ತಗೋತೀನಿ.

ಡಿಟೆನ್ಷನ್‌ನಲ್ಲಿ ಸತ್ತೋರ ಆತ್ಮ ಎದುರಿಗೆ ಬಂದ್ರೆ ಉಸಿರು ಬಿಗಿ ಹಿಡ್ಕೊಂಡು ಪಕ್ಕದಲ್ಲೇ ಹಾದು ಹೋಗ್ಬೇಕು, ಇಲ್ಲಾಂದ್ರೆ ನೆಲದ ಮೇಲೆ ಒಂದು ಬಟ್ಟಲು ಅನ್ನ ಇಡ್ಬೇಕು, ಅದು ಅನ್ನದ ಕಡೆ ಹೋಗುತ್ತೆ. ಊರಲ್ಲಿ ಆಡ್ತಿದ್ದಾಗ ಅಜ್ಜಿ ಹಿಂದೆ ಬಂದು ನಿಂತಿದ್ರು, ಯಾವಾಗಿಂದ ನೋಡ್ತಿದ್ರೋ. "ಅದೇನ್ಲಾ ಮಗ ಅನ್ನ ಇಟ್ಟೆ?" ಅಂದ್ರು. ಸತ್ತೋರಿಗೆ ಅಜ್ಜಿ, ಇಟ್ರೆ ನಮ್ಮ ತಂಟೆಗೆ ಬರಲ್ಲ, ನಾವು ಪಿತೃಪಕ್ಷದಲ್ಲಿ ಎಡೆ ಇಡ್ತೀವಲ್ಲ ಹಂಗೆ ಅಂದೆ. ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದ್ರು.

"ನೀರೂ ಮಡಗ್ಲಾ, ಬರೀ ಅನ್ನ ಮಡಗಿದ್ರೆ ಗಂಟ್ಲಲ್ಲಿ ಇಳೀತದಾ" ಅಂದ್ರು.