ಮೊದಲ ತಿರುವಿನಲ್ಲೇ ಜಗಳ ಬೇಡ ಅಂದ್ರೆ: ಗೆಳೆಯರ ಆನ್‌ಲೈನ್ ರೇಸ್ ನಡೆಸೋದು ಹೇಗೆ

ರಾಯಚೂರಿನ ನಾವು ಹನ್ನೆರಡು ಮಂದಿ ಭಾನುವಾರ ರಾತ್ರಿ ಅಸೆಟ್ಟೊ ಕೊರ್ಸಾ ಆಡುತ್ತೇವೆ. 2014ರ ಕಾರ್ ರೇಸ್ ಗೇಮ್, ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ, ಅದಕ್ಕೇ ಅದು. ಮೊದಲ ವಾರ ನಾನು ಆರಿಸಿದ್ದು ಇಟಲಿಯ ಮೊಂಜಾ ಟ್ರ್ಯಾಕ್. ಉದ್ದನೆ ನೇರ ದಾರಿ, ಅದರ ಕೊನೆಗೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ಇಕ್ಕಟ್ಟಾದ ತಿರುವು. ಹನ್ನೆರಡು ಕಾರಿನಲ್ಲಿ ಏಳು ಅಲ್ಲೇ ಗುಡ್ಡೆ ಬಿದ್ದವು. ಒಬ್ಬ "ಅಣ್ಣಾ, ನಾ ಬೇಕಂತ ಹೊಡೀಲಿಲ್ಲ, ಬ್ರೇಕ್ ಹತ್ತಲಿಲ್ಲ" ಅಂತ ಮೈಕಿನಲ್ಲಿ ಕೂಗುತ್ತಿದ್ದ. ಇನ್ನೊಬ್ಬ ಅಷ್ಟರಲ್ಲಿ ವಾಟ್ಸಾಪ್ ಗ್ರೂಪ್ ಬಿಟ್ಟು ಹೋಗಿದ್ದ.

ಬ್ರೇಕ್ ಹತ್ತಲಿಲ್ಲ ಅಂದವನು ಹೇಳಿದ್ದು ಸುಳ್ಳಲ್ಲ. ಮುಂದಿನ ಕಾರಿನ ಬೆನ್ನಿಗೆ ಹತ್ತಿಕೊಂಡು ಓಡಿಸಿದಾಗ ಗಾಳಿಯ ತಡೆ ಕಡಿಮೆ, ವೇಗ ಜಾಸ್ತಿ, ಜೊತೆಗೆ ಟೈರ್ ಇನ್ನೂ ಬಿಸಿಯಾಗಿರಲ್ಲ, ಹಾಗಾಗಿ ಒಬ್ಬನೇ ಅಭ್ಯಾಸ ಮಾಡುವಾಗ ಎಲ್ಲಿ ಬ್ರೇಕ್ ಒತ್ತುತ್ತಿದ್ದನೋ ಅಲ್ಲೇ ಒತ್ತಿದರೆ ಕಾರು ನಿಲ್ಲುವುದಿಲ್ಲ. ತಿರುವಿಗೆ ಇನ್ನೆಷ್ಟು ದೂರ ಅಂತ ಪಕ್ಕದಲ್ಲಿ ಬೋರ್ಡ್ ಇರುತ್ತವೆ, 100 ಮೀಟರ್ ಬೋರ್ಡಿಗೆ ಒತ್ತುವವನು ಮೊದಲ ಲ್ಯಾಪಿನಲ್ಲಿ 150ಕ್ಕೇ ಒತ್ತಲಿ. ಈ ಒಂದು ಮಾತನ್ನು ರೇಸಿಗೆ ಮುಂಚೆ ಬಾಯಿಬಿಟ್ಟು ಹೇಳಿ. ಬರೆದು ಹಾಕಿದರೆ ಯಾರೂ ಓದಲ್ಲ, ನಾನು ನೋಡಿದ್ದೇನೆ.

ಕಾರು ಎಲ್ಲರಿಗೂ ಒಂದೇ ಇರಲಿ, ಅದೂ ಕಡಿಮೆ ಶಕ್ತಿಯದ್ದು. ಫಾರ್ಮುಲಾ ಕಾರು ಬೇಕು ಅಂತ ಹುಡುಗರು ಗೋಗರೆಯುತ್ತಾರೆ, ಕೊಡಬೇಡಿ. ಹೊರಗೆ ಚಕ್ರ ಇರುವ ಕಾರುಗಳು ಒಂದಕ್ಕೊಂದು ತಾಗಿದರೆ ಎರಡರದ್ದೂ ಕಥೆ ಮುಗೀತು. ಸ್ಟೀರಿಂಗ್ ಇದ್ದವನ ಜೊತೆ ಗೇಮ್‌ಪ್ಯಾಡ್ ಹಿಡಿದವನೂ ಇರುತ್ತಾನೆ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡುವ ಎಬಿಎಸ್ ಬಳಸಲು ಬಿಡಿ. ಗುದ್ದಿದರೆ ಕಾರು ಕೆಡುವ ಡ್ಯಾಮೇಜ್ ಸೆಟ್ಟಿಂಗ್ ಮಾತ್ರ ಪೂರ್ತಿ ತೆಗೆಯಬೇಡಿ. ಗುದ್ದಿದರೆ ತನಗೂ ನಷ್ಟ ಅಂತ ಗೊತ್ತಿದ್ದರೆ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ.

ಎಲ್ಲರೂ ಬಂದು ಸೇರುವ ಸರ್ವರ್ ನಡೆಸುವ ತಂತ್ರಾಂಶ ಗೇಮ್ ಜೊತೆಗೇ ಬರುತ್ತದೆ. ಆದರೆ ಮನೆಯ ಫೈಬರಿನಲ್ಲಿ ಎಷ್ಟೋ ಸಲ ಹೊರಗಿನವರು ಒಳಗೆ ಬರಲಿಕ್ಕೇ ಆಗಲ್ಲ, ಯಾಕಂದ್ರೆ ಹತ್ತಾರು ಮನೆಗೆ ಸೇರಿ ಒಂದೇ ಐಪಿ, ಅಂದ್ರೆ ಇಂಟರ್ನೆಟ್ ವಿಳಾಸ, ಕೊಟ್ಟಿರುತ್ತಾರೆ. ಹೊರಗಿನವರು ಒಳಗೆ ಬರಲು ರೂಟರಿನಲ್ಲಿ ದಾರಿ (ಪೋರ್ಟ್) ತೆರೆಯುತ್ತಾ ಒಂದು ವಾರ ಕೂತು, ಕೊನೆಗೆ ಮುಂಬೈಯಲ್ಲಿ ಬಾಡಿಗೆ ಸರ್ವರ್ ತಗೊಂಡೆವು. ಹಂಚಿಕೊಂಡರೆ ಒಬ್ಬೊಬ್ಬರಿಗೆ ಒಂದು ಮಿರ್ಚಿ ಪ್ಲೇಟಿನ ದುಡ್ಡು.

ಇನ್ನು ನಿಯಮ. ನಾವು ಇಟ್ಟುಕೊಂಡಿದ್ದು ನಾಲ್ಕೇ. ಒಳಗಡೆಯಿಂದ ನುಗ್ಗುವವನು, ಮುಂದಿನವನು ತಿರುವಿಗೆ ಇಳಿಯುವ ಮೊದಲೇ ಅವನ ಬಾಗಿಲ ಸಮಕ್ಕೆ ಬಂದಿರಬೇಕು, ಇಲ್ಲದಿದ್ದರೆ ಆ ಜಾಗ ಅವನದ್ದಲ್ಲ. ಗುದ್ದಿ ಮುಂದೆ ಹೋದರೆ ನಿಧಾನಿಸಿ ಜಾಗ ವಾಪಸ್ ಕೊಡಬೇಕು. ಕಾರು ಗಿರಗಿರ ತಿರುಗಿದರೆ ಬ್ರೇಕ್ ಒತ್ತಿ ಹಿಡಿದು ಅಲ್ಲೇ ನಿಲ್ಲಬೇಕು, ಎಲ್ಲರೂ ಹೋದ ಮೇಲೆ ಏಳಬೇಕು. ಒಂದು ಸುತ್ತು ಮುಂದಿರುವವನು ಹಿಂದಿನಿಂದ ಬರುತ್ತಿದ್ದಾನೆ ಅಂತ ಹೇಳುವ ನೀಲಿ ಬಾವುಟ ಬಂದರೆ ಗಾಬರಿಯಾಗಿ ಅತ್ತಿತ್ತ ಸರಿಯಬಾರದು. ಪಾಪ ಹಿಂದೆ ಬಿದ್ದವನು ದಾರಿ ಬಿಡಲು ಹೋಗಿಯೇ ಎಷ್ಟೋ ಗುದ್ದಾಟ ಆಗುತ್ತದೆ. ಅವನು ತನ್ನ ದಾರಿಯಲ್ಲೇ ನೇರ ಹೋಗಲಿ, ದಾಟುವ ಜವಾಬ್ದಾರಿ ವೇಗದವನದ್ದು.

ತಕರಾರು ಇದ್ದರೆ ಆ ರಾತ್ರಿ ಕೇಳುವುದೇ ಇಲ್ಲ. ಲ್ಯಾಪ್ ನಂಬರ್ ಕಳಿಸಲಿ, ಸೋಮವಾರ ರೀಪ್ಲೇ ನೋಡೋಣ. ನೋಡುವವನು ಆ ರೇಸ್ ಓಡಿಸಿರಬಾರದು. ನಮ್ಮಲ್ಲಿ ಈ ಕೆಲಸ ಒಬ್ಬರು ಮೇಷ್ಟ್ರದ್ದು, ಅವರಿಗೆ ಸ್ಟೀರಿಂಗ್ ಹಿಡಿಯಲು ಬರಲ್ಲ, ಆದರೆ ಎರಡು ಕಡೆಯ ಕ್ಯಾಮೆರಾ ನಿಧಾನವಾಗಿ ಓಡಿಸಿ, ಯಾರ ಬ್ರೇಕ್ ಲೈಟ್ ಯಾವಾಗ ಹತ್ತಿತು ಅಂತ ನೋಡುತ್ತಾರೆ. ತಪ್ಪಿದ್ದವನು ಮುಂದಿನ ವಾರ ಕೊನೆಯಿಂದ ಶುರು ಮಾಡಬೇಕು. ಅರ್ಧ ತಕರಾರು ಸೋಮವಾರದ ಹೊತ್ತಿಗೆ ತಾನೇ ತಣ್ಣಗಾಗಿರುತ್ತದೆ ಬಿಡಿ.

ಒಂದು ಉದ್ದ ರೇಸ್ ಬದಲು ಹದಿನೈದು ನಿಮಿಷದ ಎರಡು ಇಡಿ. ಪಕ್ಕದ ಶಕ್ತಿನಗರದಲ್ಲಿ ಕರೆಂಟ್ ಹುಟ್ಟುತ್ತದೆ, ಆದ್ರೂ ಮೇ ತಿಂಗಳಲ್ಲಿ ಗಾಳಿ ಬೀಸಿದರೆ ನಮ್ಮ ಓಣಿ ಕತ್ತಲು, ದೀಪದ ಬುಡ ಅಲ್ವಾ. ಒಬ್ಬನ ಕಾರು ಟ್ರ್ಯಾಕಿನಿಂದ ಪಟ್ಟನೆ ಮಾಯವಾದರೆ ಅವನ ಓಣಿಯಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ. ಎರಡನೇ ರೇಸಿಗೆ ಐದು ನಿಮಿಷ ಕಾಯುತ್ತೇವೆ, ಬಂದರೆ ಹಿಂದಿನ ಸಾಲಿನಲ್ಲಿ ಅವನ ಜಾಗ ಖಾಲಿ ಇರುತ್ತದೆ.