ಲಾರಿ ಚಕ್ರ ಜಾಮ್: ಹಿಡಿದಿರುವುದು ಗಾಳಿಯೋ, ಕಬ್ಬಿಣವೋ?

ಗಾಳಿ ಬ್ರೇಕಿನ ಹಳೇ ಲಾರಿಯಲ್ಲಿ ಚಕ್ರ ಜಾಮ್ ಆದರೆ ಹೆಚ್ಚಿನವರು ನೇರ ಡ್ರಮ್ ಬಿಚ್ಚಿ ಲೈನರ್ (ಬ್ರೇಕ್ ಶೂ ಮೇಲಿದ್ದು ಡ್ರಮ್ಮಿಗೆ ಉಜ್ಜುವ ಪಟ್ಟಿ) ಹಾಕಿಸುತ್ತಾರೆ. ಎರಡು ದಿನಕ್ಕೆ ಅದೇ ಚಕ್ರ ಮತ್ತೆ ಕಾಯುತ್ತದೆ. ಡ್ರಮ್ಮಿಗೆ ಕೈ ಹಾಕುವ ಮೊದಲು ಚಕ್ರವನ್ನು ಹಿಡಿದಿರುವುದು ವಾಪಸ್ ಹೋಗದ ಗಾಳಿಯೋ, ಕಚ್ಚಿಕೊಂಡ ಕಬ್ಬಿಣದ ಭಾಗವೋ ಎಂಬುದು ತೀರ್ಮಾನವಾಗಬೇಕು.

ಯಾವ ಚಕ್ರವೆಂದು ಗೊತ್ತಿಲ್ಲದಿದ್ದರೆ ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಪ್ರತಿ ಡ್ರಮ್ಮಿಗೂ ಎರಡೇ ಹನಿ ನೀರು ಚಿಮುಕಿಸಿ. ಚುರ್ ಎಂದು ಆರಿದ್ದೇ ಕಳ್ಳ. ಕೈಯಿಟ್ಟು ನೋಡಬೇಡಿ. ಕೊಡಗಟ್ಟಲೆ ನೀರೂ ಸುರಿಯಬೇಡಿ, ಕಾದ ಡ್ರಮ್ ಬಿರುಕು ಬಿಡುತ್ತದೆ. ಡ್ರಮ್ಮಿಗಿಂತ ಚಕ್ರದ ನಡುವಿನ ಹಬ್ ಹೆಚ್ಚು ಕಾದಿದ್ದರೆ ದೋಷ ಬ್ರೇಕಿನದ್ದಲ್ಲ, ಬೇರಿಂಗ್ ನೋಡಿ.

ಸಮತಟ್ಟಾದ ಜಾಗದಲ್ಲಿ ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಜಾಕಿ ಏರಿಸಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಟ್ಯಾಂಕಿನಲ್ಲಿ 7-8 ಬಾರ್ ಗಾಳಿ ತುಂಬಿಸಿ ಹ್ಯಾಂಡ್‌ಬ್ರೇಕ್ ಬಿಡಿ. ಹಿಂದಿನ ಬೂಸ್ಟರಿನೊಳಗೆ (ಗಾಳಿಯ ಒತ್ತಡದಿಂದ ಬ್ರೇಕ್ ತಳ್ಳುವ ಡಬ್ಬಿ) ಪಾರ್ಕಿಂಗ್ ಸ್ಪ್ರಿಂಗ್ ಇದ್ದರೆ ಅದು ಪೂರ್ತಿ ಹಿಂದೆ ಸರಿಯಲು ಐದಾರು ಬಾರ್ ಬೇಕು. ಗಾಳಿ ಕಡಿಮೆಯಿದ್ದಾಗ ಹೊರಟ ಲಾರಿಯ ಹಿಂದಿನ ಚಕ್ರ ಉಜ್ಜಿಕೊಂಡು ಕಾಯುವುದು ಇದರಿಂದಲೇ. ಹ್ಯಾಂಡ್‌ಬ್ರೇಕ್ ಬಿಟ್ಟಾಗ ಬೂಸ್ಟರಿನಿಂದ ಬುಸ್ಸೆನ್ನುವ ಸದ್ದು ನಿಲ್ಲದಿದ್ದರೆ ಡಯಾಫ್ರಮ್ (ಒಳಗಿನ ರಬ್ಬರ್ ಪೊರೆ) ಹರಿದಿರಬಹುದು. ಆ ಸ್ಪ್ರಿಂಗ್ ಇರುವ ಭಾಗದ ಕ್ಲ್ಯಾಂಪ್ ಮಾತ್ರ ಎಂದೂ ಬಿಚ್ಚಬೇಡಿ. ಸ್ಪ್ರಿಂಗ್ ಸಿಡಿದರೆ ಪ್ರಾಣಕ್ಕೇ ಕುತ್ತು. ಸ್ಪ್ರಿಂಗ್ ಹಿಡಿದಿಡಲೆಂದೇ ಇರುವ ಬೂಸ್ಟರಿನ ಬೋಲ್ಟ್ ಹಾಕಿ ಸ್ಪ್ರಿಂಗ್ ಎಳೆದು ಕಟ್ಟಿ, ಇಡೀ ಬೂಸ್ಟರ್ ಬದಲಿಸಿ.

ಈಗ ಪರೀಕ್ಷೆ. ಪೆಡಲ್ ಎರಡು ಸಲ ಒತ್ತಿ ಬಿಡಿ. ಚಕ್ರ ಇನ್ನೂ ಬಿಗಿಯಿದ್ದರೆ ಬೂಸ್ಟರಿಗೆ ಬರುವ ಸರ್ವಿಸ್ ಪೈಪಿನ (ಪೆಡಲ್ ಒತ್ತಿದಾಗ ಗಾಳಿ ತರುವುದು) ನಟ್ಟನ್ನು ಮುಖ ದೂರವಿಟ್ಟು ನಿಧಾನ ಸಡಿಲಿಸಿ. ಪಾರ್ಕಿಂಗ್ ಸ್ಪ್ರಿಂಗನ್ನು ಹಿಂದೆ ಸರಿಸುವ ಗಾಳಿಯ ಪೈಪನ್ನೇ ಬಿಚ್ಚಿದರೆ ಚಕ್ರ ಇನ್ನಷ್ಟು ಬಿಗಿಯುತ್ತದೆ, ಹಾಗಾಗಿ ಯಾವುದು ಯಾವುದೆಂದು ಮೊದಲೇ ಗುರುತು ಮಾಡಿಕೊಳ್ಳಿ. ಗಾಳಿ ಹೊರಹೋಗಿ ಚಕ್ರ ತಿರುಗಿತೋ, ಲೈನರ್ ತಪ್ಪಿಲ್ಲ. ಒಂದೇ ಚಕ್ರವಾದರೆ ಬೂಸ್ಟರಿನ ರಬ್ಬರ್ ಹೋಸ್ ಮೇಲೆ ಅನುಮಾನ: ಹೊರಗೆ ಚೆನ್ನಾಗಿ ಕಂಡರೂ ಒಳರಬ್ಬರ್ ಸುಲಿದು ನಾಲಿಗೆಯಂತೆ ಅಡ್ಡ ಬಿದ್ದಿರುತ್ತದೆ; ಗಾಳಿ ಒಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ನಟ್ ಬಿಗಿದು ಪೆಡಲ್ ಮತ್ತೆ ಒತ್ತಿ ಬಿಟ್ಟು, ಹೋಸಿನ ವಾಲ್ವ್ ಕಡೆ ತುದಿ ಬಿಚ್ಚಿದರೂ ಚಕ್ರ ಬಿಡದಿದ್ದರೆ ಹೋಸೇ ಕಾರಣ. ಆಕ್ಸಲಿನ ಎರಡೂ ಚಕ್ರ ಹಿಡಿದರೆ ಆ ಆಕ್ಸಲಿನ ಗಾಳಿ ಹೊರಬಿಡುವ ರಿಲೇ ಅಥವಾ ಕ್ವಿಕ್ ರಿಲೀಸ್ ವಾಲ್ವ್ ಕಾರಣ. ಎಲ್ಲವೂ ಹಿಡಿದರೆ ಪೆಡಲಿನ ಫುಟ್ ವಾಲ್ವ್ ಕೆಟ್ಟಿದೆ, ಅಥವಾ ಪೆಡಲಿನಡಿ ಮಣ್ಣು ಕೂತು ವಾಲ್ವನ್ನು ಒತ್ತುವ ಪ್ಲಂಜರ್ ಮೇಲೇಳುತ್ತಿಲ್ಲ.

ಗಾಳಿ ಬಿಟ್ಟರೂ ಬಿಗಿಯಿದ್ದರೆ ಕಬ್ಬಿಣದ ದೋಷ. ಸ್ಲ್ಯಾಕ್ ಅಡ್ಜಸ್ಟರಿನ (ಬೂಸ್ಟರಿನ ಪುಶ್ ರಾಡನ್ನು ಕ್ಯಾಮ್ ಶಾಫ್ಟಿಗೆ ಜೋಡಿಸುವ ಲಿವರ್) ಲಾಕ್ ಒತ್ತಿಹಿಡಿದು ಸ್ಪ್ಯಾನರಿನಿಂದ ಸಡಿಲಿಸಿ. ಬ್ರೇಕ್ ಹಿಡಿಯುವಾಗ ಕ್ಯಾಮ್ (ಶೂಗಳನ್ನು ಡ್ರಮ್ಮಿಗೆ ತಳ್ಳುವ ಭಾಗ) ಹೋಗುವ ದಿಕ್ಕಿಗೆ ವಿರುದ್ಧವಾಗಿ ಅದು ತಿರುಗಬೇಕು. ಚಕ್ರ ಬಿಟ್ಟಿತೆಂದರೆ ಯಾರೋ ಅತಿಯಾಗಿ ಬಿಗಿದಿದ್ದಾರೆ. ಶೂ ಡ್ರಮ್ಮಿಗೆ ತಾಗುವವರೆಗೆ ಬಿಗಿದು, ಸುಮಾರು ಅರ್ಧ ಸುತ್ತು ಹಿಂದೆ ತಿರುಗಿಸಿ, ಚಕ್ರ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ ನೋಡಿ. ಬಿಡದಿದ್ದರೆ ಹಿಂದಿನ ಬೂಸ್ಟರಿನ ಸ್ಪ್ರಿಂಗನ್ನು ಬೋಲ್ಟಿನಿಂದ ಕಟ್ಟಿ, ಪುಶ್ ರಾಡ್ ಪಿನ್ ತೆಗೆದು ಲಿವರ್ ಅಲ್ಲಾಡಿಸಿ. ಅಲ್ಲಾಡದಿದ್ದರೆ ಕ್ಯಾಮ್ ಶಾಫ್ಟ್ ಗ್ರೀಸಿಲ್ಲದೆ ಬುಷ್‌ನಲ್ಲೇ ಕಚ್ಚಿದೆ. ಅಲ್ಲಾಡಿಯೂ ಶೂ ಹಿಂದೆ ಬಾರದಿದ್ದರೆ ರಿಟರ್ನ್ ಸ್ಪ್ರಿಂಗ್ ತುಂಡಾಗಿದೆ ಇಲ್ಲವೇ ಶೂ ತಿರುಗುವ ಆಂಕರ್ ಪಿನ್ ತುಕ್ಕು ಹಿಡಿದಿದೆ. ಲೈನರೂ ಡ್ರಮ್ಮೂ ಎರಡೂ ಸವೆದ ಲಾರಿಯಲ್ಲಿ ಇನ್ನೊಂದು ಅಪಾಯವಿದೆ: ಎಸ್ ಆಕಾರದ ಕ್ಯಾಮಿನ ತುದಿ ಶೂನ ರೋಲರ್ ದಾಟಿ ಮಗುಚಿಕೊಳ್ಳುತ್ತದೆ, ತಾನಾಗಿ ಹಿಂದೆ ಬರುವುದಿಲ್ಲ.

ಮೆಲ್ಲಗೆ ಒತ್ತಿದರೂ ಬ್ರೇಕ್ ಗಪ್ಪೆಂದು ಹಿಡಿಯುವುದು ಬೇರೆಯೇ ಕಥೆ. ಮಳೆಯಲ್ಲಿ ರಾತ್ರಿಯಿಡೀ ನಿಂತ ಲಾರಿ ಬೆಳಿಗ್ಗೆ ಒಂದೆರಡು ಸಲ ಹಾಗೆ ಹಿಡಿದರೆ ಅದು ಡ್ರಮ್ಮಿನ ತೆಳು ತುಕ್ಕು, ಚಿಂತೆ ಬೇಡ. ದಿನವಿಡೀ ಹಿಡಿದರೆ ಹಬ್ಬಿನ ಆಯಿಲ್ ಸೀಲ್ ನೋಡಿ. ಎಣ್ಣೆ ಸ್ವಲ್ಪ ತಾಗಿದ ಲೈನರ್ ಕಚ್ಚುತ್ತದೆ, ಪೂರ್ತಿ ನೆನೆದದ್ದು ಜಾರುತ್ತದೆ. ಪೆಟ್ರೋಲಿನಲ್ಲಿ ತೊಳೆದು, ಉಜ್ಜಿ ಮತ್ತೆ ಹಾಕುವುದು ದುಡ್ಡಿನ ಉಳಿತಾಯವಲ್ಲ. ಕಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಸೀಲ್ ಸಮೇತ ಆಕ್ಸಲಿನ ಎರಡೂ ಬದಿಗೆ ಒಂದೇ ಜಾತಿಯ ಲೈನರ್ ಹಾಕಿ. ಹಳೇ ಲೈನರಿನ ಪುಡಿಯಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ಇರಬಹುದು; ಗಾಳಿ ಹೊಡೆಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕ್ಯಾಮ್ ಬುಷ್‌ಗೆ ಗ್ರೀಸ್ ಹೊಡೆಯುವಾಗಲೂ ಅಡ್ಜಸ್ಟರ್ ಕಡೆ ಹೊಸ ಗ್ರೀಸ್ ಇಣುಕಿದೊಡನೆ ನಿಲ್ಲಿಸಿ. ಡ್ರಮ್ಮಿನ ಕಡೆ ಹೊರಬಂದರೆ ಒಳಸೀಲ್ ಹೋಗಿದೆ.

ಬ್ರೇಕ್ ಒತ್ತಿದಾಗ ಸ್ಟೇರಿಂಗ್ ಎಡಕ್ಕೆ ಎಳೆದರೆ ಎಡಚಕ್ರವನ್ನೇ ಬಿಚ್ಚಬೇಡಿ, ಬಲದ್ದು ಸರಿಯಾಗಿ ಹಿಡಿಯದೆಯೂ ಹಾಗಾಗುತ್ತದೆ. ಪುಶ್ ರಾಡ್ ಬೂಸ್ಟರಿನಿಂದ ಹೊರಬರುವಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಪೆಡಲ್ ಒತ್ತಿಸಿ, ಎಷ್ಟು ಹೊರಬಂತೆಂದು ಎರಡೂ ಕಡೆ ಅಳೆಯಿರಿ. ಟೈಪ್ 30 (30 ಚದರ ಇಂಚಿನ ಡಯಾಫ್ರಮ್ಮಿನ) ಬೂಸ್ಟರಿನಲ್ಲಿ 50 ಮಿಲಿಮೀಟರ್ ದಾಟಿದರೆ ತೀರಾ ಸಡಿಲ. ಒಂದು ಕಡೆ 30, ಇನ್ನೊಂದು ಕಡೆ 45 ಬಂದರೆ ಎಳೆತಕ್ಕೆ ಕಾರಣ ಅಲ್ಲೇ ಇದೆ.

ಶಿರಾಡಿ ಘಾಟಿಯಂಥ ಇಳಿಜಾರು ಇಳಿದೊಡನೆ ಕಾದ ಡ್ರಮ್ಮಿಗೆ ಹ್ಯಾಂಡ್‌ಬ್ರೇಕ್ ಹಾಕಿ ಊಟಕ್ಕೆ ಹೋದರೆ, ಡ್ರಮ್ ಆರಿ ಕುಗ್ಗಿ ಶೂಗಳನ್ನು ಅಪ್ಪಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಡ್ರಮ್ ಆರಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಿರಿ.