ಟ್ರೆಂಚರ್ ತೋಟಕ್ಕೆ ಬರುವ ಮುಂಚೆ

ನಮ್ಮ ತೆಂಗಿನ ತೋಟದ ಮೂಲೆಯಲ್ಲಿರುವ ಬೋರ್‌ನಿಂದ ಮನೆ ಹತ್ತಿರದ ತೊಟ್ಟಿಗೆ 600 ಅಡಿ ದೂರ. ನೀರಿನ ಪೈಪ್ ಹೂಳುವುದಕ್ಕೆ ಗುದ್ದಲಿ, ಸನಿಕೆ ಹಿಡಿದು ನಾಲ್ಕು ಆಳು ಕಾಲುವೆ ತೋಡಿದ್ದರೆ ವಾರವೇ ಆಗುತ್ತಿತ್ತೇನೋ. ಬಾಡಿಗೆಗೆ ತಂದ ಟ್ರೆಂಚರ್, ಅಂದರೆ ಕಾಲುವೆ ಕೊಯ್ಯುವ ಮಷೀನ್, ಎರಡು ಗಂಟೆಯಲ್ಲಿ ಮುಗಿಸಿತು. ಅದರಲ್ಲೂ ಮುಕ್ಕಾಲು ಗಂಟೆ ಮಷೀನ್ ಸುಮ್ನೆ ನಿಂತಿತ್ತು. ಪೈಪ್ ಎಲ್ಲಿ ತಿರುಗಬೇಕು ಅಂತ ನಾನೂ ನನ್ನ ತಮ್ಮನೂ ಅಲ್ಲೇ ನಿಂತು ವಾದ ಮಾಡುತ್ತಿದ್ದೆವು. ಡ್ರೈವರ್ ಸೀಟಿನಲ್ಲೇ ಕೂತು ಬೀಡಿ ಹಚ್ಚಿದ. ಇಂಜಿನ್ ಓಡುತ್ತಲೇ ಇತ್ತು, ಬಾಡಿಗೆಯೂ ಏರುತ್ತಲೇ ಇತ್ತು.

ಹಾಗಾಗಿ ಇಲ್ಲಿ ಮಷೀನ್ ಓಡಿಸುವ ಮಾತು ಕಡಿಮೆ. ಅದು ಬರುವ ಮುಂಚೆ ಮತ್ತು ಹೋದ ಮೇಲೆ ಮಾಡಬೇಕಾದ ಕೆಲಸದ ಮಾತೇ ಜಾಸ್ತಿ. ಓಡಿಸುವುದಕ್ಕೆ ಹೇಗೂ ಡ್ರೈವರ್ ಇರುತ್ತಾನೆ.

ಜೆಸಿಬಿಯೋ, ಟ್ರೆಂಚರ್ರೋ?

ಮರ ಕೊಯ್ಯುವ ಚೈನ್ ಗರಗಸ ನೋಡಿದ್ದೀರಲ್ವಾ? ಅದನ್ನೇ ದೊಡ್ಡದು ಮಾಡಿ ಟ್ರ್ಯಾಕ್ಟರ್ ಹಿಂದೆ ಕಟ್ಟಿ ನೆಲಕ್ಕೆ ಇಳಿಸಿದರೆ ಟ್ರೆಂಚರ್. ಚೈನಿನ ಹಲ್ಲುಗಳು ಮಣ್ಣು ಕೆರೆದು ಮೇಲೆ ತರುತ್ತವೆ, ಪಕ್ಕದ ಸುರುಳಿ ಅದನ್ನು ಬದಿಗೆ ತಳ್ಳುತ್ತದೆ. ಟ್ರ್ಯಾಕ್ಟರ್ ಮಾತ್ರ ಇರುವೆ ನಡೆದ ಹಾಗೆ ಮುಂದೆ ಹೋಗುತ್ತಿರಬೇಕು. ಅದಕ್ಕೆ ಕ್ರೀಪರ್ ಗೇರ್ ಬೇಕು. ಮಾಮೂಲಿ ಲೋ ಗೇರ್ ಇದಕ್ಕೆ ಜಾಸ್ತಿ ಸ್ಪೀಡು. ‘ಕ್ರೀಪರ್ ಇದೆಯಾ?’ ಅಂತ ಫೋನಿನಲ್ಲೇ ಕೇಳಿಬಿಡಿ.

ಜೆಸಿಬಿಗೂ ಇದಕ್ಕೂ ಇರುವ ವ್ಯತ್ಯಾಸ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 600 ಅಡಿ ಉದ್ದ, ಎರಡೂವರೆ ಅಡಿ ಆಳ. ಟ್ರೆಂಚರ್ ಅರ್ಧ ಅಡಿ ಅಗಲ ಕೊಯ್ದರೆ 750 ಘನ ಅಡಿ ಮಣ್ಣು. ಜೆಸಿಬಿಯ ಎರಡು ಅಡಿ ಬಕೆಟ್ ಆದರೆ 3,000 ಘನ ಅಡಿ. ನಾಲ್ಕು ಪಟ್ಟು ಮಣ್ಣು ಎತ್ತಬೇಕು, ಅಷ್ಟನ್ನೇ ವಾಪಸ್ ಮುಚ್ಚಬೇಕು. ಮೇಲಿನ ಫಲವತ್ತಾದ ಮಣ್ಣು ಅಡಿಗೆ ಹೋಗಿ ಅಡಿಯ ಗರಸು ಮೇಲೆ ಬರುವುದು ಬೇರೆ. ಮೂರು ಇಂಚಿನ ಪೈಪಿಗೆ ಇಷ್ಟೆಲ್ಲಾ ಯಾಕೆ?

ಆದರೆ ಬಂಡೆ ಇರುವ ಜಾಗದಲ್ಲಿ ಟ್ರೆಂಚರ್ ಆಟ ನಡೆಯುವುದಿಲ್ಲ. ಕೆಂಪು ಮಣ್ಣು, ಮರಳು ಮಿಶ್ರಿತ ಮಣ್ಣಿನಲ್ಲಿ ಬೆಣ್ಣೆ ಕೊಯ್ದ ಹಾಗೆ ಹೋಗುತ್ತದೆ. ಗಟ್ಟಿ ಗರಸಿನಲ್ಲಿ ನಿಧಾನ. ಗುಂಡುಕಲ್ಲು ಸಿಕ್ಕರೆ ಹಲ್ಲು ಮುರಿಯುತ್ತದೆ. ಎರೆ ಭೂಮಿಯಲ್ಲಿ ಮಳೆ ಬಿದ್ದ ಮರುದಿನ ಕರೆಸಿದರೆ ಮಣ್ಣು ಚೈನಿಗೇ ಮೆತ್ತಿಕೊಳ್ಳುತ್ತದೆ. ಉಳುಮೆಗೆ ಹದ ನೋಡುವ ಹಾಗೆ ಇದಕ್ಕೂ ಹದ ನೋಡಿ. ಅನುಮಾನ ಇದ್ದರೆ ದಾರಿಯುದ್ದಕ್ಕೂ ಮೂರು ನಾಲ್ಕು ಕಡೆ ಹಾರೆಯಲ್ಲಿ ಚುಚ್ಚಿ ನೋಡಿ. ಠಣ್ ಅಂದರೆ ದಾರಿ ಬದಲಿಸಿ.

ನೆಲದೊಳಗೆ ಏನಿದೆ?

ಇದನ್ನು ಮಾತ್ರ ಅವಸರದಲ್ಲಿ ಮಾಡಬೇಡಿ. ನಮ್ಮ ತೋಟದಲ್ಲಿ ಅಪ್ಪ ಇಪ್ಪತ್ತು ವರ್ಷದ ಹಿಂದೆ ಹಾಕಿಸಿದ್ದ ಒಂದು ಲೈನ್ ಎಲ್ಲರಿಗೂ ಮರೆತೇಹೋಗಿತ್ತು. ಚೈನಿನ ಜತೆ ಕೊಬ್ಬರಿ ತುರಿದ ಹಾಗೆ ಪೈಪಿನ ಚೂರು ಮೇಲೆ ಬಂದಾಗಲೇ ನೆನಪಾಗಿದ್ದು. ಪುಣ್ಯಕ್ಕೆ ಅದರಲ್ಲಿ ನೀರಿರಲಿಲ್ಲ. ಕರೆಂಟ್ ಕೇಬಲ್ ಆಗಿದ್ದರೆ?

ಹಳೆಯ ಆಳುಗಳನ್ನು ಕೇಳಿ, ಜಮೀನು ಕೊಂಡಿದ್ದರೆ ಹಿಂದಿನವರನ್ನು ಕೇಳಿ. ಗೇಟ್‌ವಾಲ್, ಹಳೇ ಸ್ಟಾರ್ಟರ್ ಪೆಟ್ಟಿಗೆ ಕಂಡ ಕಡೆ ಲೈನ್ ಯಾವ ದಿಕ್ಕಿಗೆ ಹೋಗಿರಬಹುದು ಅಂತ ಊಹಿಸಿ. ಅನುಮಾನ ಬಂದ ಕಡೆ ಆಚೀಚೆ ನಾಲ್ಕು ಅಡಿ ಕೈಯಲ್ಲೇ ತೋಡಿಸಿ.

ರಸ್ತೆ ಬದಿಯಾದರೆ ಇನ್ನೂ ಹುಷಾರಾಗಿರಬೇಕು. ‘ಮನೆಮನೆಗೆ ಗಂಗೆ’ ಪೈಪು, ಇಂಟರ್‌ನೆಟ್ ಫೈಬರ್ ಎಲ್ಲವೂ ಅಲ್ಲೇ ಹೋಗಿರುತ್ತವೆ. ಪಂಚಾಯಿತಿಗೆ ಹೇಳದೆ ರಸ್ತೆ ಅಗೆಯಬೇಡಿ, ನೀರುಗಂಟಿಯನ್ನು ಕರೆದು ತೋರಿಸಿಕೊಳ್ಳಿ. ಅಗೆಯುವ ವಿಷಯ ಮುಂಚೆಯೇ ತಿಳಿಸುವುದಕ್ಕೆ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಅನ್ನುವ ಆ್ಯಪ್ ಬಿಟ್ಟಿದೆ. ಕರೆಂಟ್ ವಿಷಯಕ್ಕೆ 1912ಕ್ಕೆ ಫೋನ್ ಮಾಡಬಹುದು. ಕಂಬದ ಬುಡ, ಸ್ಟೇ ವೈರ್ ಹತ್ತಿರ ಮಷೀನ್ ತರಲೇಬೇಡಿ.

ಜಮೀನಿನಲ್ಲಿ ಗ್ಯಾಸ್ ಅಥವಾ ಪೆಟ್ರೋಲ್ ಪೈಪ್‌ಲೈನಿನ ಗುರುತಿನ ಕಂಬ ಇದೆಯಾ? ದಾಭೋಲ್–ಬೆಂಗಳೂರು ಗ್ಯಾಸ್ ಲೈನು, ಮಂಗಳೂರು–ಹಾಸನ–ಬೆಂಗಳೂರು ತೈಲ ಲೈನು ಎರಡೂ ಎಷ್ಟೋ ರೈತರ ಹೊಲದ ಅಡಿಯಲ್ಲೇ ಹೋಗಿವೆ. ಅಲ್ಲಿ ನಿಮ್ಮ ಅಂದಾಜು ನಡೆಯುವುದಿಲ್ಲ. ಕಂಬದ ಮೇಲಿರುವ ನಂಬರಿಗೆ ಫೋನ್ ಮಾಡಿ, ಅವರು ಒಪ್ಪುವ ತನಕ ಲೈನ್ ಹೋಗಿರುವ ಆ ಜಾಗದಲ್ಲಿ ಗುದ್ದಲಿಯನ್ನೂ ಹಾಕಬೇಡಿ.

ದಾರ, ಗೂಟ, ಸುಣ್ಣ

ಹಿಂದಿನ ದಿನ ಸಂಜೆಯೇ ಗೂಟ ಹೊಡೆದು ದಾರ ಎಳೆದು, ಸುಣ್ಣದ ಪುಡಿಯಲ್ಲಿ ಗೆರೆ ಹಾಕಿಬಿಡಿ. ಅಣ್ಣ ತಮ್ಮಂದಿರ ವಾದ ಆಗಲೇ ಮುಗಿಯಲಿ.

ಗೆರೆ ಹಾಕುವಾಗ ಎರಡು ವಿಷಯ ನೆನಪಿರಲಿ. ಚೈನ್ ಮಣ್ಣಿನೊಳಗೆ ಇರುವಾಗ ಟ್ರ್ಯಾಕ್ಟರ್ ತಿರುಗುವಂತಿಲ್ಲ. ಮೂಲೆ ಬಂದರೆ ಚೈನ್ ಎತ್ತಿ, ಟ್ರ್ಯಾಕ್ಟರ್ ತಿರುಗಿಸಿ, ಮತ್ತೆ ಇಳಿಸಬೇಕು. ಹೀಗೆ ಎತ್ತಿ ಇಳಿಸುವುದಕ್ಕೇ ಸಮಯ ಹೋಗುತ್ತದೆ. ತಿರುವು ಕಡಿಮೆಯಾದಷ್ಟೂ ಬಾಡಿಗೆ ಉಳಿಯುತ್ತದೆ, ಮುಂದೆ ಎಲ್ಬೋ ಸೋರುವ ತಲೆನೋವೂ ಕಡಿಮೆ. ಎರಡನೆಯದು ನನಗೆ ಯಾರೂ ಹೇಳಿರಲಿಲ್ಲ. ಚೈನ್ ಇರುವುದು ಟ್ರ್ಯಾಕ್ಟರ್ ಹಿಂದೆ. ಗೋಡೆ ಕಡೆಗೆ ಮುಖ ಮಾಡಿ ಬಂದರೆ ಟ್ರ್ಯಾಕ್ಟರ್ ಮೂತಿ ಗೋಡೆಗೆ ತಾಗುತ್ತದೆ, ಅದರುದ್ದದ ನೆಲ ಹಾಗೇ ಉಳಿಯುತ್ತದೆ. ಆದ್ದರಿಂದ ತೊಟ್ಟಿ, ಗೋಡೆ, ಬೇಲಿ ಇರುವ ಕಡೆಯಿಂದ ಶುರು ಮಾಡಿ ಬಯಲಿನ ಕಡೆಗೆ ಹೋಗಬೇಕು. ನಮ್ಮಲ್ಲಿ ಉಲ್ಟಾ ಶುರು ಮಾಡಿ, ಕೊನೆಯ ಹದಿನೈದು ಅಡಿಗೆ ಗುದ್ದಲಿಯೇ ಗತಿಯಾಯಿತು.

ತೆಂಗು, ಅಡಿಕೆ ಸಾಲಿದ್ದರೆ ಗೆರೆ ಎರಡು ಸಾಲಿನ ನಟ್ಟನಡುವೆ ಹೋಗಲಿ. ತೆಂಗಿನ ಬೇರು ಜಾಸ್ತಿ ಇರುವುದು ಬುಡದಿಂದ ಎರಡು ಮೀಟರ್ ಒಳಗೆ. ಬುಡದ ಹತ್ತಿರ ಚೈನ್ ಇಳಿಸಿದರೆ ಮರಕ್ಕೆ ಪೆಟ್ಟು.

ಆಳ ಎಷ್ಟು? ರೋಟವೇಟರ್ ಅರ್ಧ ಅಡಿಯೊಳಗೇ ಆಡುತ್ತದೆ, ನೇಗಿಲು ಹೆಚ್ಚೆಂದರೆ ಒಂದು ಅಡಿ. ನೀರಿನ ಪೈಪಿಗೆ ಎರಡೂವರೆ ಅಡಿ ಸಾಕು. ಗಾಡಿ, ಟ್ರ್ಯಾಕ್ಟರ್ ಓಡಾಡುವ ದಾರಿಯಲ್ಲಿ ಮೂರು ಅಡಿ ಮಾಡಿ, ಅಲ್ಲಿ ದೊಡ್ಡ ಪೈಪಿನೊಳಗೆ ಈ ಪೈಪ್ ತೂರಿಸಿ. ಕೊಯ್ದ ಮೇಲೆ ಸಡಿಲ ಮಣ್ಣು ಎರಡು ಮೂರು ಇಂಚು ತಳಕ್ಕೆ ವಾಪಸ್ ಬಿದ್ದಿರುತ್ತದೆ. ಬೇಕಾದ್ದಕ್ಕಿಂತ ಅಷ್ಟು ಜಾಸ್ತಿಯೇ ಹೇಳಿ.

ಬಾಡಿಗೆ ಮಾತು

ಕೆಲವರದು ಗಂಟೆ ಲೆಕ್ಕ, ಕೆಲವರದು ಅಡಿ ಲೆಕ್ಕ. ಮೆತ್ತಗಿನ ಮಣ್ಣು, ನೇರ ದಾರಿ, ತಯಾರಿ ಮುಗಿದಿದೆ ಅಂದರೆ ಗಂಟೆ ಲೆಕ್ಕವೇ ಲಾಭ. ಕಲ್ಲಿನ ಅನುಮಾನ ಇದ್ದರೆ ಅಡಿ ಲೆಕ್ಕಕ್ಕೆ ಒಪ್ಪಿಸಿ. ಡೀಸೆಲ್ ಯಾರದು, ಬಂದು ಹೋಗುವ ಸಮಯವೂ ಲೆಕ್ಕಕ್ಕೆ ಸೇರುತ್ತದಾ, ಹಲ್ಲು ಮುರಿದರೆ ಯಾರ ತಲೆಗೆ? ಇದೆಲ್ಲಾ ಮೊದಲೇ ಆಗಲಿ. ಶುರುವಿನಲ್ಲಿ ಗಂಟೆ ಮೀಟರಿನ ಫೋಟೊ ತೆಗೆದಿಟ್ಟುಕೊಳ್ಳಿ. ಅಕ್ಕಪಕ್ಕದವರಿಗೂ ಲೈನ್ ಹಾಕಿಸುವುದಿದ್ದರೆ ಒಟ್ಟಿಗೆ ಕರೆಸಿ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲೂ ಒಮ್ಮೆ ವಿಚಾರಿಸಿ.

ಮಷೀನ್ ಓಡುವಾಗ

ಟ್ರ್ಯಾಕ್ಟರಿನಿಂದ ಚೈನಿಗೆ ಶಕ್ತಿ ಕೊಡುವ ಪಿಟಿಓ ಶಾಫ್ಟ್ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಟವೆಲ್ ತುದಿಯೋ, ಲುಂಗಿ ಅಂಚೋ, ಸೀರೆ ಸೆರಗೋ ಸಿಕ್ಕಿದರೆ ಬಿಡಿಸಿಕೊಳ್ಳುವುದಕ್ಕೆ ಸಮಯವೇ ಇರುವುದಿಲ್ಲ. ಶಾಫ್ಟಿಗೆ ಕವರ್ ಇದೆಯಾ ನೋಡಿ. ಮಕ್ಕಳು, ನಾಯಿ, ನೋಡಲು ಬಂದವರು ಎಲ್ಲರೂ ಕನಿಷ್ಠ ಹದಿನೈದು ಅಡಿ ದೂರ ಇರಲಿ.

ನಮ್ಮಲ್ಲಿ ಚೈನಿಗೆ ಮುಷ್ಟಿ ಗಾತ್ರದ ಕಲ್ಲು ಸಿಕ್ಕಿಕೊಂಡಿತು. ಡ್ರೈವರ್ ಇಳಿದು ಬಂದು, ಇಂಜಿನ್ ಓಡುತ್ತಿರುವಾಗಲೇ ಹಾರೆಯಲ್ಲಿ ಮೀಟಲು ಹೊರಟ. ‘ಅಣ್ಣಾ, ಆಫ್ ಮಾಡಿ’ ಅಂದೆ. ‘ದಿನಾ ಮಾಡೋದೇ ಸಾರ್’ ಅಂದ. ಕೀ ಕೈಗೆ ಬರುವ ತನಕ ನಾನು ಬಿಡಲಿಲ್ಲ. ಎರಡು ನಿಮಿಷದ ಬಾಡಿಗೆ ಹೋದರೆ ಹೋಗಲಿ.

ಐವತ್ತು ಅಡಿಗೊಮ್ಮೆ, ಗುರುತು ಹಾಕಿದ ಕೋಲು ಇಳಿಸಿ ಆಳ ನೋಡಿ. ಚೈನ್ ಹಿಂದೆಯೇ ನಡೆಯಬೇಡಿ, ಕೊಯ್ದು ದೂರ ಹೋದ ಮೇಲೆ ಅಳೆಯಿರಿ. ನಾಲ್ಕೈದು ಅಡಿ ಆಳ ಮಾಡಿಸಿದ್ದರೆ ಯಾರೂ ಒಳಗೆ ಇಳಿಯುವುದು ಬೇಡ, ಬದಿ ಕುಸಿದರೆ ಮೇಲೆ ಬರಲಾಗುವುದಿಲ್ಲ.

ಪೈಪ್ ಇಳಿಸುವುದು

ಅರ್ಧ ಅಡಿ ಅಗಲದಲ್ಲಿ ಕಾಲಿಡುವುದೇ ಕಷ್ಟ, ಕೂತು ಜಾಯಿಂಟ್ ಮಾಡುವ ಮಾತೇ ಇಲ್ಲ. ಪೈಪುಗಳನ್ನು ದಡದಲ್ಲೇ ಸಾಲಾಗಿ ಇಟ್ಟು, ಮೇಲೆಯೇ ಸಲ್ಯೂಷನ್ ಹಚ್ಚಿ ಕೂಡಿಸಿ, ಒಣಗಿದ ಮೇಲೆ ಇಳಿಸಬೇಕು. 20 ಅಡಿ ಪೈಪಾದರೆ 600 ಅಡಿಗೆ 30. ಸಾಕೆಟ್ಟಿನೊಳಗೆ ಹೋಗುವ ಉದ್ದ, ಒಡೆಯುವುದು ಎಲ್ಲಾ ಸೇರಿ ಎರಡು ಜಾಸ್ತಿ ತನ್ನಿ. ತಳದಲ್ಲಿ ಚೂಪು ಕಲ್ಲಿದ್ದರೆ ತೆಗೆದು ನಾಲ್ಕು ಇಂಚು ಮೆತ್ತನೆ ಮಣ್ಣೋ ಮರಳೋ ಹಾಸಿ.

ಬಿಸಿಲಿನ ಲೆಕ್ಕವೂ ಇದೆ. ಪಿವಿಸಿ ಬಿಸಿಗೆ ಹಿಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಕಾದ ಪೈಪು ಮಣ್ಣಿನೊಳಗೆ 20 ಡಿಗ್ರಿ ತಣ್ಣಗಾದರೆ, 100 ಮೀಟರ್ ಲೈನು ಹತ್ತಿರ ಹತ್ತಿರ ಅರ್ಧ ಅಡಿ ಕುಗ್ಗುತ್ತದೆ. ಬಿಗಿಯಾಗಿ ಎಳೆದು ಕೂಡಿಸಿದ್ದರೆ ಜಾಯಿಂಟ್ ಕಳಚುವುದು ಆಗಲೇ. ಸ್ವಲ್ಪ ಹಾವಿನ ಹಾಗೆ ಅಂಕುಡೊಂಕಾಗಿ ಮಲಗಿಸಿ, ಬೆಳಿಗ್ಗೆ ತಂಪಿನಲ್ಲಿ ಮುಚ್ಚಿ.

ಪಂಪಿನ ಕೇಬಲನ್ನೂ ಅದೇ ಗುಂಡಿಗೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಮಷೀನ್ ಹೇಗೂ ಬಂದಿದೆ, ಒಂದು ಅಡಿಗಿಂತ ಜಾಸ್ತಿ ದೂರದಲ್ಲಿ ಇನ್ನೊಂದು ಗೆರೆ ಕೊಯ್ಯಿಸಿ. ನಾಳೆ ಪೈಪ್ ಸೋರಿ ಗುದ್ದಲಿ ಹಾಕುವವನ ಜೀವ ಮುಖ್ಯ ಅಲ್ವಾ? ಕೇಬಲಿಗೆ 75 ಸೆಂಟಿಮೀಟರ್ ಆಳ, ಕೆಳಗೂ ಮೇಲೂ ಮರಳು, ಮರಳಿನ ಮೇಲೆ ಇಟ್ಟಿಗೆ ಸಾಲು, ಅದರ ಮೇಲೆ ಎಚ್ಚರಿಕೆಯ ಟೇಪ್. ವೈರ್ ಕೂಡಿಸುವುದು ಎಲೆಕ್ಟ್ರಿಷಿಯನ್ ಕೆಲಸ.

ಮುಚ್ಚುವ ಮುಂಚೆ

ಪೈಪಿನ ನಡುಭಾಗದ ಮೇಲೆ ಮಾತ್ರ ಮಣ್ಣು ಹಾಕಿ, ಜಾಯಿಂಟುಗಳನ್ನು ಬಿಟ್ಟುಬಿಡಿ. ಒಂದು ದಿನ ಬಿಟ್ಟು ಪಂಪ್ ಓಡಿಸಿ, ಒಂದೊಂದೇ ಜಾಯಿಂಟ್ ಮುಟ್ಟಿ ನೋಡಿ. ಎಲ್ಬೋ ಇರುವ ಕಡೆ ಹಿಂದೆ ಕಾಂಕ್ರೀಟ್ ಒತ್ತು ಕೊಡಿ, ನೀರಿನ ಒತ್ತಡಕ್ಕೆ ಅಲ್ಲಿ ಪೈಪ್ ಸರಿಯುತ್ತದೆ. ಆಮೇಲೆ ಮೊದಲು ಮೆತ್ತನೆ ಮಣ್ಣು, ಕೊನೆಗೆ ಉಳಿದದ್ದು. ನೆಲಕ್ಕಿಂತ ನಾಲ್ಕೈದು ಇಂಚು ಎತ್ತರಕ್ಕೆ ದಿಬ್ಬ ಬಿಡಿ, ಎರಡು ಮಳೆಗೆ ಸಮ ಆಗುತ್ತದೆ. ಸಮ ಮಾಡಿಯೇ ಬಿಟ್ಟರೆ ಮಳೆಗಾಲದಲ್ಲಿ ಅದೇ ಕಾಲುವೆಯಾಗಿ ನೀರು ಹರಿಯುತ್ತದೆ.

ಮುಚ್ಚುವ ಮುಂಚೆ ಫೋಟೊ ತೆಗೆದಿಡಿ, ಅಳತೆ ಬರೆದಿಡಿ. ಕಾಗದದಲ್ಲಿ ಬರೆದಿಟ್ಟರೆ ಇಲಿ ಬಿಡುವುದಿಲ್ಲ. ನಮ್ಮ ಪಂಪ್‌ಹೌಸಿನ ಬಾಗಿಲ ಹಿಂದೆ ಕೆಂಪು ಬಣ್ಣದಲ್ಲಿ ಹೀಗೆ ಬರೆದಿದ್ದೇವೆ: ‘ಹೊಸಿಲಿಂದ 14 ಅಡಿ ನೇರ, ಅಲ್ಲಿಂದ ಎಡಕ್ಕೆ, ಮೂರು ನಾಲ್ಕನೇ ಸಾಲಿನ ಮಧ್ಯೆ. ಕೇಬಲ್ ಬಲಗಡೆ.’ ಅಪ್ಪನ ಹಳೇ ಲೈನಿನ ಜಾಗವನ್ನೂ ಅದರ ಕೆಳಗೇ ಬರೆದಾಯಿತು.